ಬೂದಿಗುಡ್ಡೆಯಿಂದ ಲಿಟರ್ ಟ್ರೇವರೆಗೆ

ನಗರಗೆರೆಯಲ್ಲಿ ಬೆಕ್ಕಿಗೆ ಮೂರು ಹೆಸರು. ಶಾಲೆಯ ಪುಸ್ತಕದಲ್ಲಿ ಬೆಕ್ಕು, ಕನ್ನಡ ಮಾತಾಡುವ ಮನೆಗಳಲ್ಲಿ ಕೊತ್ತಿ, ತೆಲುಗು ಮನೆಗಳಲ್ಲಿ ಪಿಲ್ಲಿ. ಗೌರಿಬಿದನೂರು ತಾಲ್ಲೂಕಿನ ಈ ಹೋಬಳಿ ಊರು ಆಂಧ್ರದ ಗಡಿಗೆ ಹತ್ತಿರವಾದ್ದರಿಂದ ಒಂದೇ ಪ್ರಾಣಿಯನ್ನು ಒಂದೇ ಬೀದಿಯಲ್ಲಿ ಎರಡು ಭಾಷೆಯಲ್ಲಿ ಬೈಯುವುದು ಸಾಮಾನ್ಯ. ಹೆಸರು ಮೂರಿದ್ದರೂ ಅದು ಎಲ್ಲಿ ಹೇಲಬೇಕು ಎಂಬ ಪ್ರಶ್ನೆ ಮಾತ್ರ ಯಾವ ಭಾಷೆಯಲ್ಲೂ ಎದ್ದಿರಲಿಲ್ಲ. ಎದ್ದಿದ್ದು ತೀರಾ ಈಚೆಗೆ, ನೆಲಕ್ಕೆ ಟೈಲ್ಸ್ ಬಂದ ಮೇಲೆ, ಹಿತ್ತಿಲಿಗೆ ಸಿಮೆಂಟು ಬಿದ್ದ ಮೇಲೆ, ಒಲೆ ಹೋಗಿ ಸಿಲಿಂಡರ್ ಬಂದ ಮೇಲೆ.

ನನ್ನ ಸಂಶೋಧನೆಯ ವಿಷಯ ಹಳೆ ಮೈಸೂರು ಸಂಸ್ಥಾನದ ಪಟ್ಟಣಗಳ ನೈರ್ಮಲ್ಯ. ಚರಂಡಿ, ಕಕ್ಕಸು, ತಿಪ್ಪೆ, ಪ್ಲೇಗು ಇವುಗಳ ನಡುವೆ ನಾಲ್ಕು ವರ್ಷ ಕಳೆದವರಿಗೆ ಬೆಕ್ಕಿನ ಲಿಟರ್ ಟ್ರೇ ಕೂಡ ಚರಿತ್ರೆಯ ವಸ್ತುವಾಗಿಯೇ ಕಾಣುತ್ತದೆ. ಪ್ಲಾಸ್ಟಿಕ್ಕಿನ ಆ ತಟ್ಟೆ, ಅದರೊಳಗಿನ ಬೂದುಬಣ್ಣದ ಹರಳು ಮಣ್ಣು, ಅದನ್ನು ಜಾಲಿಸುವ ತೂತಿನ ಸೌಟು, ಇವುಗಳ ಹಿಂದೆ ಒಲೆಬೂದಿ ಇದೆ, ಇಂಗ್ಲೆಂಡಿನ ಒಬ್ಬ ಪಾದ್ರಿ ಇದ್ದಾನೆ, ಜೈಲುಗಳಿವೆ, ತಲೆಯ ಮೇಲೆ ಮಲ ಹೊತ್ತವರಿದ್ದಾರೆ. ನಗರಗೆರೆ ನನ್ನ ತಾಯಿಯ ತವರು. ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ.

ಸೌದೆ ಒಲೆಯ ಕಾಲದಲ್ಲಿ ಆ ಕಡೆಯ ಪ್ರತಿ ಮನೆಯಲ್ಲೂ ದಿನಕ್ಕೆ ಒಂದೆರಡು ಮೊರ ಬೂದಿ ಹುಟ್ಟುತ್ತಿತ್ತು. ಅದರಲ್ಲಿ ಬಿಸಾಡುವುದು ಏನೂ ಇರಲಿಲ್ಲ. ಪಾತ್ರೆ ತಿಕ್ಕಲು ಬೂದಿ, ಹಲ್ಲುಜ್ಜಲು ಬೂದಿ, ಅವರೆ ತೊಗರಿ ಬಿತ್ತನೆ ಕಾಳಿಗೆ ಹುಳ ಬೀಳದಂತೆ ಕಲೆಸಲು ಬೂದಿ, ಸೊಪ್ಪಿನ ಮಡಿಗೆ ಎರಚಲು ಬೂದಿ. ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ರಾಗಿ ಹೊಲಕ್ಕೆ. ಕೊತ್ತಿಗೂ ಅದೇ ಬೂದಿ ಬೇಕು. ಮೆತ್ತಗೆ, ಒಣಗಿ, ಪಂಜದಲ್ಲಿ ಕೆದಕಿದರೆ ಗುಂಡಿ ಬೀಳುವಂಥದ್ದು ಅದಕ್ಕಿಂತ ಬೇರೆ ಇರಲಿಲ್ಲ. ಹೀಗೆ ಒಂದೇ ಬೂದಿಗೆ ಮನುಷ್ಯರೂ ಬೆಕ್ಕೂ ಹಕ್ಕುದಾರರು. ನಮ್ಮಜ್ಜಿ ಇದಕ್ಕೆ ಮಾಡಿಕೊಂಡಿದ್ದ ಏರ್ಪಾಡು ಸರಳವಾದದ್ದು. ಪಾತ್ರೆಯ ಬೂದಿಯನ್ನು ಬಾಯಿ ಒಡೆದ ಮಡಕೆಯಲ್ಲಿ ಹಾಕಿ ಮೇಲೆ ಚಪ್ಪಡಿ ಕಲ್ಲು. ಇನ್ನೊಂದು ಗುಡ್ಡೆ ಹಿತ್ತಿಲ ಗೋಡೆಯ ಬದಿಗೆ, ಬಿಸಿಲು ಬೀಳುವ ಕಡೆ, ಬಯಲಿಗೆ. "ಆ ಬೂದಿ ಕೊತ್ತೀದು, ಇದು ನಮ್ದು" ಎನ್ನುತ್ತಿದ್ದಳು. ವಾರಕ್ಕೊಮ್ಮೆ ಕೊತ್ತಿಯ ಗುಡ್ಡೆಯನ್ನು ಸನಿಕೆಯಲ್ಲಿ ಬಾಚಿ ತಿಪ್ಪೆಯ ತಳಕ್ಕೆ ತಳ್ಳಿದರೆ ಮುಗಿಯಿತು. ನೊಣ ಇರಲಿಲ್ಲ ಎಂದು ಹೇಳಲಾರೆ, ಹಳ್ಳಿಯಲ್ಲಿ ನೊಣಕ್ಕೆ ದನದ ಕೊಟ್ಟಿಗೆಯೇ ಸಾಕು. ಆದರೆ ಆ ಗುಡ್ಡೆಯಿಂದ ಹುಳ ಎದ್ದದ್ದನ್ನು ಮನೆಯಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಹುಳ ಏಳದಿರುವುದಕ್ಕೆ ಕಾರಣ ಬೂದಿಯ ಮಹಿಮೆಗಿಂತ ಹೆಚ್ಚಾಗಿ ಅದರ ಒಣಗು. ಮನೆನೊಣದ ಮೊಟ್ಟೆ ಬಿಸಿಲುಕಾಲದಲ್ಲಿ ಒಂದು ದಿನದೊಳಗೆ ಒಡೆಯುತ್ತದೆ. ಮರಿಹುಳಕ್ಕೆ ಬೆಳೆಯಲು ತೇವ ಬೇಕು. ತೇವ ಸಿಕ್ಕರೆ ಏಳರಿಂದ ಹತ್ತು ದಿನದಲ್ಲಿ ಹೊಸ ನೊಣ ಹಾರುತ್ತದೆ. ಒಣ ಬೂದಿ ಮಲದ ತೇವವನ್ನು ಹೀರಿ ಮೇಲೆ ಹೊದಿಕೆಯಾಗಿ ಕೂತರೆ ನೊಣ ಮೊಟ್ಟೆ ಇಡುವುದೂ ಕಷ್ಟ, ಇಟ್ಟರೂ ಬದುಕುವುದು ಕಷ್ಟ. ಹಗೇವಿನಲ್ಲಿ ರಾಗಿ ತುಂಬುವಾಗಲೂ ಇದೇ ಲೆಕ್ಕ: ಒಣಗಿಸು, ಹುಲ್ಲು ಹೊದಿಸು, ಬಾಯಿ ಮುಚ್ಚು. ಕಾಳು ಕಾಯುವ ಬುದ್ಧಿಯೂ ಹೇಲು ಅಡಗಿಸುವ ಬುದ್ಧಿಯೂ ಒಂದೇ ಮನೆಯಲ್ಲಿ, ಒಂದೇ ಕೈಯಲ್ಲಿ ಇದ್ದವು.

ಬೆಕ್ಕಿಗೆ ಸಂಸ್ಕೃತದಲ್ಲಿ ಮಾರ್ಜಾರ, ಮಾರ್ಜಾಲ ಎಂಬ ಹೆಸರುಗಳಿವೆ. ಇವುಗಳ ಮೂಲ ಮೃಜ್ ಎಂಬ ಧಾತು ಎನ್ನುತ್ತಾರೆ ನಿಘಂಟುಕಾರರು. ಅರ್ಥ ಒರೆಸು, ತೊಳೆ, ಶುಚಿಮಾಡು. ಪೊರಕೆಗೆ ಸಮ್ಮಾರ್ಜನಿ ಎನ್ನುವುದೂ, ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಬಟ್ಟೆ ಸೋಪಿನ ಪುಡಿಯನ್ನು ಮಾರ್ಜಕ ಎನ್ನುವುದೂ ಇದೇ ಧಾತುವಿನಿಂದ. ಅಂದರೆ ಬೆಕ್ಕು, ಪೊರಕೆ, ಸೋಪಿನ ಪುಡಿ ಮೂರೂ ಒಂದೇ ವಂಶ. ಮೈ ನೆಕ್ಕಿಕೊಳ್ಳುವ ಅಭ್ಯಾಸದಿಂದ ಈ ಹೆಸರು ಬಂದಿರಬೇಕು. ಆದರೆ ಅದೇ ಪರಂಪರೆ ಬೆಕ್ಕಿನ ಶುಚಿಯನ್ನು ನಂಬಿದ್ದೂ ಕಡಿಮೆ. ಮನುಸ್ಮೃತಿಯಲ್ಲಿ ಡಾಂಭಿಕನಿಗೆ ಬೆಕ್ಕಿನ ವ್ರತದವನು ಎಂಬ ಬೈಗುಳವಿದೆ. ಮಾಮಲ್ಲಪುರದ ಏಳನೆಯ ಶತಮಾನದ ದೊಡ್ಡ ಬಂಡೆ ಶಿಲ್ಪದಲ್ಲಿ ಒಂದು ಬೆಕ್ಕು ಮುಂಗಾಲು ಮೇಲೆತ್ತಿ ತಪಸ್ಸಿಗೆ ನಿಂತಿದೆ, ಸುತ್ತ ಇಲಿಗಳು. ನಮ್ಮ ಕಡೆಯ ಆಡುಮಾತಿನಲ್ಲೂ "ಕೊತ್ತಿ ಹೇಲು ಮುಚ್ಚಿದಂಗೆ" ಎಂದರೆ ಶುಚಿತ್ವದ ಹೊಗಳಿಕೆಯಲ್ಲ, ತಪ್ಪು ಮರೆಮಾಚುವವರ ಮೇಲಿನ ಚುಚ್ಚು. ಮುಚ್ಚುವುದು ಶುಚಿಯೋ ಕಪಟವೋ ಎಂಬ ಈ ಅನುಮಾನ ಮುಂದೆ ಮನುಷ್ಯರ ಕಕ್ಕಸಿನ ಚರಿತ್ರೆಯಲ್ಲೂ ಎದುರಾಗುತ್ತದೆ.

ಬೆಕ್ಕಿನ ಮಟ್ಟಿಗೆ ಅದು ಎರಡೂ ಅಲ್ಲ. ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಧಾನ್ಯ ಕೂಡಿಟ್ಟ ಕಡೆ ಇಲಿ, ಇಲಿ ಇದ್ದ ಕಡೆ ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತದ್ದು ಸಿಕ್ಕಿದೆ. ಒಣನಾಡಿನ ಪ್ರಾಣಿಯಾದ್ದರಿಂದ ಅದು ನೀರನ್ನು ಜಿಪುಣತನದಲ್ಲಿ ಬಳಸುತ್ತದೆ, ಮೂತ್ರ ಬಹಳ ಗಾಢ. ಆ ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಏಳುತ್ತದೆ, ನಾವು ಮೂಗು ಮುಚ್ಚಿಕೊಳ್ಳುವುದು ಅದಕ್ಕೇ. ಮಣ್ಣು ಕೆದಕಿ ಮುಚ್ಚುವ ಚಟ ತನ್ನ ವಾಸನೆ ದೊಡ್ಡ ಪ್ರಾಣಿಗಳಿಗೆ ಸಿಗದಿರಲಿ ಎಂಬುದಕ್ಕಿರಬಹುದು. ಅಂತೂ ಸಡಿಲ, ಒಣ ಮಣ್ಣು ಕಂಡರೆ ಅದರ ಕಾಲು ತಾನಾಗಿ ಕೆದಕುತ್ತದೆ. ಲಿಟರ್ ಟ್ರೇ ಎಂಬ ಪೂರ್ತಿ ಉದ್ಯಮ ನಿಂತಿರುವುದು ಈ ಒಂದು ಚಟದ ಮೇಲೆ.

ನಮ್ಮ ನಾಡಿನಲ್ಲಿ ಬೆಕ್ಕನ್ನು ಸಾಕಿದ್ದು ಇಲಿಗಾಗಿ. ತೆನಾಲಿ ರಾಮಕೃಷ್ಣನ ಕಥೆ ಎಲ್ಲರಿಗೂ ಗೊತ್ತು: ಊರಲ್ಲಿ ಇಲಿ ಹೆಚ್ಚಾಯಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆ ಒಂದೊಂದು ಹಸು ಕೊಡುತ್ತಾನೆ. ಕಥೆಯಲ್ಲಿ ಬೆಕ್ಕಿಗೆ ಹಾಲಿನ ಚಿಂತೆ ಇದೆ, ಬೆಕ್ಕಿನ ಮಲದ ಚಿಂತೆ ಇಲ್ಲ. ಹಿತ್ತಿಲು ಇರುವವರ ಕಥೆ ಅದು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಲಿ ಕಥೆಯಿಂದ ಹೊರಬಂತು. "ಇಲಿ ಬಿತ್ತು" ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ಕಾಲ. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಇಲಿಯಿಂದ ರೋಗವನ್ನು ದಾಟಿಸುವುದು ಚಿಗಟ ಎಂದು ತೋರಿಸಿದ. ಆಗ ನಂಬಿದವರು ಕಡಿಮೆ. ಹತ್ತು ವರ್ಷದ ನಂತರ, 1908ರ ಸುಮಾರಿಗೆ, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಆಂಡ್ರ್ಯೂ ಬುಕಾನನ್ (ಮೈಸೂರು ಸೀಮೆ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಅಲ್ಲ, ಬೇರೆಯವನು) ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ, ಆದ್ದರಿಂದ ಬೆಕ್ಕು ಸಾಕುವುದನ್ನು ಪ್ರೋತ್ಸಾಹಿಸಬೇಕು ಎಂದು ವೈದ್ಯಕೀಯ ಪತ್ರಿಕೆಗಳಲ್ಲಿ ವಾದಿಸಿದ. ಬೆಕ್ಕಿಗೂ ಪ್ಲೇಗ್ ತಗಲುತ್ತದೆ, ಅದರ ಮೈಯ ಚಿಗಟವೂ ಮನುಷ್ಯನನ್ನು ಕಚ್ಚುತ್ತದೆ ಎಂಬುದು ಈಗ ಗೊತ್ತು. ಆದರೂ ಬುಕಾನನ್ನನ ವಾದದಲ್ಲಿ ನನಗೆ ಇಷ್ಟವಾಗುವುದು, ಸರ್ಕಾರಿ ವೈದ್ಯನೊಬ್ಬ ನೈರ್ಮಲ್ಯದ ಸಾಧನಗಳ ಪಟ್ಟಿಯಲ್ಲಿ ಸುಣ್ಣದ ನೀರಿನ ಪಕ್ಕಕ್ಕೆ ಕೊತ್ತಿಯನ್ನು ತಂದು ಕೂರಿಸಿದ್ದು.

ಪ್ಲೇಗಿನ ಹೊತ್ತಿಗೆ ತುಂಬಿಕೊಳ್ಳತೊಡಗಿದ ಹೊಸ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ರಸ್ತೆ, ಗಾಳಿ ಬೆಳಕು, ಗಿಡಮರ ಎಂದು ಎಲ್ಲರೂ ಹೊಗಳುತ್ತಾರೆ. ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ ಇದೆಯಲ್ಲ, ಕನ್ಸರ್ವೆನ್ಸಿ ಲೇನ್, ಅದರ ಬಗ್ಗೆ ಹೆಚ್ಚು ಮಾತಿಲ್ಲ. ಮನೆಯ ಹಿಂದಿನ ಕಕ್ಕಸಿನಿಂದ ಮಲ ಬಾಚಿ ಒಯ್ಯುವವರು ಮುಂಬಾಗಿಲಿನಲ್ಲಿ ಕಾಣಿಸಿಕೊಳ್ಳದಿರಲಿ ಎಂದೇ ಬಿಟ್ಟ ಓಣಿ ಅದು. ಮಲ್ಲೇಶ್ವರದಲ್ಲಿ ಉಳಿದಿರುವ ಕೆಲವು ಓಣಿಗಳಲ್ಲಿ ಈಗ ಬೆಕ್ಕುಗಳು ಮಲಗಿರುತ್ತವೆ.

ಒಣಮಣ್ಣಿನ ಕಥೆ ಈ ಓಣಿಗೆ ಬಂದದ್ದು ಇಂಗ್ಲೆಂಡಿನ ದಾರಿಯಿಂದ. ಡಾರ್ಸೆಟ್ ಸೀಮೆಯ ಫೋರ್ಡಿಂಗ್ಟನ್ ಎಂಬಲ್ಲಿ ಹೆನ್ರಿ ಮೌಲ್ ಎಂಬ ಪಾದ್ರಿ ಇದ್ದ. ಕಾಲರಾದಲ್ಲಿ ತನ್ನ ಊರಿನ ಬಡವರು ಸಾಯುವುದನ್ನು ಕಂಡವನು. ಮಲದ ಮೇಲೆ ಒಣಗಿಸಿದ ಮಣ್ಣು ಹಾಕಿ ಕೆಲವು ವಾರ ಬಿಟ್ಟರೆ ವಾಸನೆ ಹೋಗಿ ಅದೂ ಮಣ್ಣೇ ಆಗುತ್ತದೆ, ಅದನ್ನೇ ಒಣಗಿಸಿ ಮತ್ತೆ ಬಳಸಬಹುದು ಎಂದು ಅವನಿಗೆ ತನ್ನ ಹಿತ್ತಿಲಲ್ಲೇ ತಿಳಿಯಿತು. 1860ರಲ್ಲಿ ಮಣ್ಣಿನ ಕಕ್ಕಸಿಗೆ ಪೇಟೆಂಟ್ ಪಡೆದ. ಕುಳಿತೆದ್ದು ಹಿಡಿಕೆ ಎಳೆದರೆ ಮೇಲಿನ ಡಬ್ಬದಿಂದ ಒಂದು ಪಾಲು ಒಣಮಣ್ಣು ಕೆಳಗೆ ಬೀಳುತ್ತದೆ. ಬೆಕ್ಕು ಮುಂಗಾಲಿನಲ್ಲಿ ಮಾಡುವುದನ್ನು ಪಾದ್ರಿ ಹಿಡಿಕೆಯಲ್ಲಿ ಮಾಡಿದ ಅಷ್ಟೇ. ನೀರಿನ ಪೈಪು ಇಲ್ಲದ ಭಾರತದಲ್ಲಿ ಇದು ಆಡಳಿತಗಾರರಿಗೆ ಹೇಳಿಮಾಡಿಸಿದಂತಿತ್ತು. 1860ರ ದಶಕದಿಂದ ಇಲ್ಲಿನ ಜೈಲುಗಳಲ್ಲಿ, ದಂಡುಗಳಲ್ಲಿ ಒಣಮಣ್ಣಿನ ಪದ್ಧತಿ ಜಾರಿಗೆ ಬಂತು.

ಆದರೆ ಇಂಗ್ಲೆಂಡಿನಲ್ಲಿ ಹಿಡಿಕೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಜಾತಿ ಮಾಡಿತು. ಮಣ್ಣು ಒಣಗಿಸುವುದು, ಹಾಕುವುದು, ಬಾಚುವುದು, ಹೊರುವುದು, ಹೂಳುವುದು ಎಲ್ಲವನ್ನೂ ಮಾಡಲು ಕೈಗಳಿದ್ದವು, ಆ ಕೈಗಳಿಗೆ ಬೇರೆ ಕೆಲಸ ಸಿಗದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಇತ್ತು. ಎಷ್ಟೋ ಊರುಗಳಲ್ಲಿ ಮಣ್ಣು ಹಾಕುವ ಶ್ರಮವನ್ನೂ ಬಿಟ್ಟು ಬರೀ ಒಣಕಕ್ಕಸು ಉಳಿಯಿತು. ಬೆಕ್ಕಿಗಿರುವ ಸೌಜನ್ಯ ಮನುಷ್ಯರಿಗಿರಲಿಲ್ಲ ಎನ್ನಬೇಕು. ಅದು ತಾನು ಮಾಡಿದ್ದನ್ನು ತಾನೇ ಮುಚ್ಚುತ್ತದೆ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ. 1973ರಲ್ಲಿ ಅವರಾಡಿದ ಬೂಸಾ ಮಾತು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು, ಪರೀಕ್ಷೆಗೂ ಬರುತ್ತದೆ. ಈ ಆದೇಶ ಗೊತ್ತಿರುವವರು ತರಗತಿಯಲ್ಲಿ ಇಬ್ಬರೋ ಮೂವರೋ. ಅದೇ ದಶಕದಲ್ಲಿ ಪೌರಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟಿತು. ದೇಶಮಟ್ಟದಲ್ಲಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಈ ಎರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ಮುಚ್ಚಿದ್ದೆಲ್ಲ ಒಂದು ದಿನ ಬೆಳಕಿಗೆ ಬಂತು.

ಬೆಕ್ಕಿನ ಟ್ರೇಗೆ ಮರಳುತ್ತೇನೆ. ಅದರ ಹುಟ್ಟಿನ ಕಥೆ ಅಮೆರಿಕದ್ದು. 1947ರ ಜನವರಿ, ಮಿಶಿಗನ್ ರಾಜ್ಯದ ಕ್ಯಾಸೊಪೊಲಿಸ್. ಹಿಮದಲ್ಲಿ ಮರಳು ಹೆಪ್ಪುಗಟ್ಟಿತ್ತು. ಕೇ ಡ್ರೇಪರ್ ಎಂಬಾಕೆ ಬೆಕ್ಕಿಗೆ ಒಲೆಬೂದಿ ಹಾಕಿ ನೋಡಿದಳು, ಬೆಕ್ಕು ಮನೆತುಂಬ ಬೂದಿಯ ಹೆಜ್ಜೆ ಮೂಡಿಸಿತು. ಆಕೆ ಪಕ್ಕದ ಎಡ್ ಲೋ ಎಂಬವನ ಬಳಿ ಮರಳು ಕೇಳಿದಾಗ ಅವನು ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಲು ಮಾರುತ್ತಿದ್ದ ಜೇಡಿಯನ್ನು ಕೊಟ್ಟ. ಅದು ಚೆನ್ನಾಗಿ ಹೀರಿತು, ಹೆಜ್ಜೆಯೂ ಮೂಡಲಿಲ್ಲ. ಅವನು ಅದನ್ನು ಐದು ಪೌಂಡಿನ ಚೀಲಗಳಲ್ಲಿ ತುಂಬಿ ಅಂಗಡಿಗೆ ಒಯ್ದಾಗ, ಮರಳು ಕಾಸಿಗೆ ಸಿಗುವಾಗ ಇದಕ್ಕೆ 65 ಸೆಂಟು ಯಾರು ಕೊಡುತ್ತಾರೆ ಎಂದು ಅಂಗಡಿಯವನು ನಕ್ಕನಂತೆ. ಹಾಗಾದರೆ ಪುಕ್ಕಟೆ ಕೊಡು ಎಂದನಂತೆ ಲೋ. ಪುಕ್ಕಟೆ ಒಯ್ದವರು ಮತ್ತೆ ದುಡ್ಡು ಹಿಡಿದು ಬಂದರು. ಕಂಪನಿಗಳು ಹೇಳುವ ಹುಟ್ಟಿನ ಕಥೆಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಅಂದವಾಗಿರುತ್ತವೆ. ಇದರಲ್ಲಿ ನನಗೆ ಮುಖ್ಯವಾದದ್ದು ಬೂದಿ. ನಗರಗೆರೆಯಲ್ಲೂ ಕ್ಯಾಸೊಪೊಲಿಸ್‌ನಲ್ಲೂ ಮೊದಲು ಕೈಗೆ ಸಿಕ್ಕಿದ್ದು ಅದೇ. ಬಯಲಿನಲ್ಲಿ ಗೆದ್ದ ಬೂದಿ ಮನೆಯೊಳಗೆ ಸೋತಿತು. ಹೆಜ್ಜೆಯ ಕಾರಣಕ್ಕೆ ಮಾತ್ರವಲ್ಲ, ಬೂದಿ ಕ್ಷಾರ. ಕ್ಷಾರದಲ್ಲಿ ಅಮೋನಿಯಾ ಬೇಗ ಆವಿಯಾಗಿ ಏಳುತ್ತದೆ. ಹಿತ್ತಿಲಲ್ಲಿ ಅದು ಗಾಳಿಗೆ ಹೋಗುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಕಣ್ಣು ಉರಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಜ್ಜಿಯ ಪದ್ಧತಿ ಮಾಡುತ್ತೇವೆಂದು ಬೂದಿ ತರಿಸುವವರಿಗೆ ಇದು ಗೊತ್ತಿರಬೇಕು.

ಲೋ ಕೊಟ್ಟ ಆ ಜೇಡಿಗೆ ಇಂಗ್ಲಿಷಿನಲ್ಲಿ ಫುಲ್ಲರ್ಸ್ ಅರ್ತ್ ಎಂದು ಹೆಸರು. ಫುಲ್ಲರ್ ಎಂದರೆ ಹೊಸ ಉಣ್ಣೆಬಟ್ಟೆಯನ್ನು ತುಳಿದು ಜಿಡ್ಡು ತೆಗೆಯುವವನು. ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚಲು ಮಾರುವ ಮುಲ್ತಾನಿ ಮಿಟ್ಟಿ ಇದೇ ಜಾತಿಯದು. ರೋಮ್ ನಗರದಲ್ಲಿ ಈ ಬಟ್ಟೆ ತುಳಿಯುವವರು ಜೇಡಿಯ ಜೊತೆಗೆ ಹಳಸಿದ ಮೂತ್ರವನ್ನೂ ಬಳಸುತ್ತಿದ್ದರು, ಅಮೋನಿಯಾ ಜಿಡ್ಡನ್ನು ಕೀಳುತ್ತದೆ ಎಂದು. ಚಕ್ರವರ್ತಿ ವೆಸ್ಪಾಸಿಯನ್ ಆ ಮೂತ್ರದ ಮೇಲೂ ತೆರಿಗೆ ಹಾಕಿದ. ನಮ್ಮ ಸೀಮೆಯ ಮಡಿವಾಳರು ಸವಳು ಮಣ್ಣಿನಲ್ಲಿ ಬಟ್ಟೆ ನೆನೆಸಿದ್ದು ಬೇರೆ ರಸಾಯನವಾದರೂ ಅದೇ ಬುದ್ಧಿ: ಕೊಳೆ ತೆಗೆಯಲು ಮಣ್ಣು. ಒಂದು ಕಾಲದಲ್ಲಿ ಮೂತ್ರವೂ ಮಣ್ಣೂ ಸೇರಿ ಬಟ್ಟೆ ಶುಚಿ ಮಾಡುತ್ತಿದ್ದವು. ಈಗ ಅದೇ ಮಣ್ಣು ಮೂತ್ರವನ್ನು ಅಡಗಿಸುತ್ತದೆ. ಇವತ್ತು ಹೆಚ್ಚು ಮಾರಾಟವಾಗುವುದು ಬೆಂಟೊನೈಟ್ ಎಂಬ ಜೇಡಿ. ತೇವ ತಗುಲಿದ ಕಡೆ ಉಬ್ಬಿ ಉಂಡೆ ಕಟ್ಟುತ್ತದೆ, ಉಂಡೆಯನ್ನಷ್ಟೇ ಎತ್ತಿ ಎಸೆಯಬಹುದು. ಈ ಗುಣವನ್ನು ಬೆಕ್ಕಿಗೆ ಬಳಸಿದ್ದು 1980ರ ದಶಕದಲ್ಲಿ. ನಮ್ಮಲ್ಲಿ ಈ ಜೇಡಿ ಸಿಗುವುದು ಮುಖ್ಯವಾಗಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ.

ಟ್ರೇಯನ್ನು ಹುಳಹುಪ್ಪಟೆ ಇಲ್ಲದಂತೆ ಇಟ್ಟುಕೊಳ್ಳುವುದು ಹೇಗೆ ಎಂದು ಗೆಳೆಯರು ಕೇಳುತ್ತಾರೆ, ನಾನೇನೋ ಇದರಲ್ಲೇ ಪಿಎಚ್.ಡಿ. ಮಾಡುತ್ತಿರುವವರ ಹಾಗೆ. ಉತ್ತರ ಹಿತ್ತಿಲಲ್ಲೇ ಇದೆ. ಅಲ್ಲಿ ಬಿಸಿಲು, ಗಾಳಿ, ಇರುವೆ, ಕೋಳಿ, ಸನಿಕೆ ಹಂಚಿಕೊಂಡಿದ್ದ ಕೆಲಸವನ್ನು ಮನೆಯೊಳಗೆ ಒಬ್ಬರೇ ಮಾಡಬೇಕು, ಮತ್ತು ದಿನವೂ ಮಾಡಬೇಕು. ದಿನವೂ ಎಂಬುದಕ್ಕೆ ಶಿಸ್ತಿನ ಮಾತಿಗಿಂತ ಬೇರೆ ಕಾರಣವಿದೆ. ನೊಣದ ಮೊಟ್ಟೆಯ ಲೆಕ್ಕ ಆಗಲೇ ಹೇಳಿದೆ, ಮಲ ಒಂದು ದಿನಕ್ಕಿಂತ ಹೆಚ್ಚು ಉಳಿಯದಿದ್ದರೆ ಹುಳಕ್ಕೆ ಸಮಯವೇ ಸಿಗುವುದಿಲ್ಲ. ಮಣ್ಣು ಎರಡು ಅಂಗುಲಕ್ಕಿಂತ ತೆಳುವಾದರೆ ಬೆಕ್ಕಿಗೆ ಮುಚ್ಚಲಾಗದು, ತಳದಲ್ಲಿ ಮೂತ್ರ ನಿಂತು ತೇವವಾಗುತ್ತದೆ, ಜಿರಲೆ ಆ ತೇವಕ್ಕೇ ಬರುತ್ತದೆ. ಊಟದ ತಟ್ಟೆಯನ್ನು ಪಕ್ಕದಲ್ಲಿಟ್ಟರೆ ಇರುವೆ ಸಾಲು ಎರಡಕ್ಕೂ ಸೇರುತ್ತದೆ, ಬೆಕ್ಕೂ ಉಣ್ಣುವ ಕಡೆ ಹೇಲಲು ಒಪ್ಪುವುದಿಲ್ಲ. ವಾರಕ್ಕೊಂದು ಸಲವೋ ಹದಿನೈದು ದಿನಕ್ಕೊಂದು ಸಲವೋ ಪೂರ್ತಿ ಖಾಲಿ ಮಾಡಿ, ಬಿಸಿನೀರು ಸಾಬೂನಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಹೊಸ ಮಣ್ಣು ಹಾಕುವುದು. ಒದ್ದೆ ಟ್ರೇಗೆ ಮಣ್ಣು ಸುರಿಯುವುದಕ್ಕಿಂತ ತೊಳೆಯದಿರುವುದೇ ವಾಸಿ.

ತೊಳೆಯುವಾಗ ನಮ್ಮ ಕೈ ತಾನಾಗಿ ಹೋಗುವುದು ಫಿನೈಲಿನ ಬಾಟಲಿಗೆ. ಪ್ಲೇಗಿನ ಕಾಲದಿಂದ ಬಂದ ನಂಬಿಕೆ ಅದು, ಫಿನೈಲಿನ ವಾಸನೆ ಬಂದರೆ ಶುಚಿಯಾಯಿತು ಎಂದು. ಬೆಕ್ಕಿನ ವಿಷಯದಲ್ಲಿ ಇದು ಅಪಾಯ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಪಂಜಕ್ಕೆ ಅಂಟಿದ್ದನ್ನು ಅದು ನೆಕ್ಕಿ ಒಳಗೆ ಕಳಿಸುತ್ತದೆ. ಮೃಜ್ ಧಾತುವಿನ ಪ್ರಾಣಿಗೆ ತನ್ನ ಶುಚಿಯ ಅಭ್ಯಾಸವೇ ವಿಷವಾಗುವುದು ಹೀಗೆ. ಜಿರಲೆ ಬರದಿರಲೆಂದು ಮೂಲೆಗೆ ಇಡುವ ನುಸಿಗುಳಿಗೆಯೂ ಅಷ್ಟೇ ಕೆಟ್ಟದ್ದು. ನಾಯಿಯ ಚಿಗಟಕ್ಕೆಂದು ಮಾರುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಾಕಿದರೆ ನಡುಕ ಹತ್ತಿ ಸಾಯಬಹುದು. ಚಿಗಟ ಹೆಚ್ಚಾದರೆ ಪಶುವೈದ್ಯರ ಹತ್ತಿರ ಹೋಗುವುದೇ ದಾರಿ, ಜೊತೆಗೆ ನೆಲದ ಬಿರುಕು, ಚಾಪೆ, ಹಾಸಿಗೆಯ ದೂಳು ತೆಗೆಯುವುದು. ಚಿಗಟದ ಮರಿ ಬೆಳೆಯುವುದು ಬೆಕ್ಕಿನ ಮೇಲಲ್ಲ, ಆ ದೂಳಿನಲ್ಲಿ. ನಮ್ಮ ಕಡೆ ಬಿರುಕು ಮುಚ್ಚುವಂತೆ ಸಗಣಿಯಲ್ಲಿ ನೆಲ ಸಾರಿಸುತ್ತಿದ್ದುದಕ್ಕೆ ಇಂಥ ಲಾಭವೂ ಇದ್ದಿರಬೇಕು.

ಇನ್ನೊಂದು ದಿನದ ಲೆಕ್ಕ ಇದಕ್ಕಿಂತ ಗಂಭೀರವಾದದ್ದು. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು 1908ರಲ್ಲಿ ಟ್ಯೂನಿಸ್‌ನಲ್ಲಿ ಒಂದು ದಂಶಕ ಪ್ರಾಣಿಯಲ್ಲಿ ಕಂಡರು. ಅದು ಬೆಕ್ಕಿನ ಮಲದಿಂದ ಹರಡುತ್ತದೆ ಎಂದು ಖಚಿತವಾಗಲು 1970ರವರೆಗೆ ಕಾಯಬೇಕಾಯಿತು. ಗರ್ಭಿಣಿಗೆ ಮೊದಲ ಬಾರಿ ತಗುಲಿದರೆ ಹೊಟ್ಟೆಯ ಮಗುವಿಗೆ ತೊಂದರೆಯಾಗಬಹುದು. ಆದರೆ ಮಲದಲ್ಲಿ ಬಂದ ಕೂಡಲೇ ಅದು ಸೋಂಕು ಹರಡುವುದಿಲ್ಲ, ಬಲಿಯಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಬಲಿಯುವ ಮೊದಲೇ ಹೊರಗೆ ಹೋಗುತ್ತದೆ. ಬೆಕ್ಕು ಅದನ್ನು ಹೊರಹಾಕುವುದೂ ಸಾಮಾನ್ಯವಾಗಿ ಮೊದಲ ಸೋಂಕಿನ ಒಂದೆರಡು ವಾರ ಮಾತ್ರ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ಇವೂ ಇದೇ ಸೋಂಕಿನ ದಾರಿಗಳು. ಈ ಅರ್ಧಂಬರ್ಧ ಮಾಹಿತಿ ಈಗ ಹಳ್ಳಿಗಳಿಗೂ ಮುಟ್ಟಿದೆ. ಸೊಸೆ ಬಸುರಿ ಎಂದು ತಿಳಿದ ವಾರವೇ ಕೊತ್ತಿಯನ್ನು ಗೋಣಿಚೀಲಕ್ಕೆ ಹಾಕಿ ಕೆರೆಯಾಚೆ ಬಿಟ್ಟು ಬಂದ ಮನೆ ನನಗೆ ಗೊತ್ತು. ಆ ಮನೆಯಲ್ಲಿ ಮಾಡಬೇಕಾಗಿದ್ದದ್ದು ಇಷ್ಟೇ: ಹೆರಿಗೆಯಾಗುವವರೆಗೆ ಟ್ರೇ ತೆಗೆಯುವ ಕೆಲಸವನ್ನು ಗಂಡನೋ ಮಾವನೋ ವಹಿಸಿಕೊಳ್ಳುವುದು. ಕೊತ್ತಿಯನ್ನು ಹೊರಗೆ ಹಾಕುವುದು ಅದಕ್ಕಿಂತ ಸುಲಭವಾಗಿ ಕಂಡಿತು.

ಯಾರು ತೆಗೆಯಬೇಕು ಎಂಬುದು ಹೀಗೆ ಮತ್ತೆ ಬರುತ್ತದೆ. ನನ್ನ ತಲೆಮಾರಿನವರು ಬೆಕ್ಕನ್ನು ಮಗು ಎನ್ನುತ್ತಾರೆ, ಟ್ರೇಯನ್ನು ತಾವೇ ತೆಗೆಯುತ್ತಾರೆ, ಅದರ ಬಗ್ಗೆ ತಮಾಷೆ ಮಾಡುತ್ತಾರೆ. ಮೂರು ತಲೆಮಾರಿನ ಹಿಂದೆ ಇಂಥ ಮನೆಗಳಲ್ಲಿ ಯಾರೂ ಮುಟ್ಟದ ಕೆಲಸ ಇದು. ಅದು ಒಳ್ಳೆಯದೇ. ಆದರೆ ಅದೇ ಮನೆಗಳಲ್ಲಿ ಕೆಲಸದವರನ್ನು ಗೊತ್ತುಮಾಡುವಾಗ "ಬೆಕ್ಕಿದೆ, ಅದರದ್ದೂ ನೋಡಿಕೊಳ್ಳಬೇಕು" ಎಂಬ ಮಾತು ಅಡುಗೆ, ಪಾತ್ರೆ, ಬಟ್ಟೆಯ ಸಂಬಳದಲ್ಲೇ ಸೇರಿಹೋಗುವುದನ್ನೂ ನೋಡಿದ್ದೇನೆ. ಬೆಂಟೊನೈಟ್ ಉಂಡೆ ಕೊಳೆಯುವುದಿಲ್ಲ, ಕಕ್ಕಸಿಗೆ ಹಾಕಿದರೆ ಪೈಪಿನಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ. ಆಗ ಅದನ್ನು ತೆಗೆಯಲು ಇಳಿಯುವವರು ಯಾರೆಂದು ಹೇಳಬೇಕಾಗಿಲ್ಲ. ಹಸಿಕಸದ ಬಕೆಟ್ಟಿಗೆ ಸುರಿದರೆ ಅದು ಗೊಬ್ಬರಕ್ಕೆ ಹೋಗುತ್ತದೆ, ದಾರಿಯಲ್ಲಿ ಪೌರಕಾರ್ಮಿಕರ ಕೈ ದಾಟಿ. ದಪ್ಪ ಕಾಗದದಲ್ಲಿ ಎರಡು ಸುತ್ತು ಸುತ್ತಿ, ಬೆಕ್ಕಿನದು ಎಂದು ಮೇಲೆ ಬರೆದು ಬೇರೆಯಾಗಿ ಕೊಡಲು ಅರ್ಧ ನಿಮಿಷ ಸಾಕು.

ನಗರಗೆರೆಯ ಕೊತ್ತಿಗಳಿಗೆ ಟ್ರೇ ಇನ್ನೂ ಬಂದಿಲ್ಲ. ಒಲೆಬೂದಿ ಹೋಯಿತು, ಉತ್ತರ ಪಿನಾಕಿನಿಯ ಮರಳು ಹೋಯಿತು, ಹಿತ್ತಿಲ ಮಣ್ಣಿನ ಮೇಲೆ ಸಿಮೆಂಟು ಬಂತು. ಅವು ಬೇರೆ ಜಾಗ ಹುಡುಕಿಕೊಂಡಿವೆ. ಊರಿನಲ್ಲಿ ಎಲ್ಲಿ ಹೊಸ ಮನೆ ಏಳುತ್ತಿದೆಯೋ ಅಲ್ಲಿ ರಸ್ತೆಬದಿಗೆ ಸುರಿದ ಎಂ-ಸ್ಯಾಂಡ್ ಗುಡ್ಡೆಯೇ ಬೀದಿಯ ಎಲ್ಲ ಕೊತ್ತಿಗಳಿಗೂ. ಸಂಜೆ ಅದೇ ಗುಡ್ಡೆಯ ಮೇಲೆ ಮಕ್ಕಳು ಗುಬ್ಬಿಗೂಡು ಕಟ್ಟಿ ಆಡುತ್ತವೆ. ಬೆಳಿಗ್ಗೆ ಮೇಸ್ತ್ರಿ ಬರುವ ಮೊದಲು ಕೂಲಿಯ ಹೆಂಗಸು ಜರಡಿ ಒರಗಿಸಿ ಬಾಂಡ್ಲಿಯಲ್ಲಿ ಮರಳು ಎತ್ತಿ ಹಾಕುತ್ತಾಳೆ. ಸಣ್ಣ ಮರಳು ಕೆಳಗೆ ಇಳಿಯುತ್ತದೆ, ಕಲ್ಲು, ಕಡ್ಡಿ, ಕೊತ್ತಿಯ ಉಂಡೆ ಮೇಲೆ ನಿಲ್ಲುತ್ತವೆ. ಕಲ್ಲನ್ನು ಒಂದು ಕಡೆ ಗುಡ್ಡೆ ಮಾಡುತ್ತಾಳೆ, ಉಂಡೆಯನ್ನು ಬರಿಗೈಯಲ್ಲಿ ಹೆಕ್ಕಿ ರಸ್ತೆಯಾಚೆ ಎಸೆಯುತ್ತಾಳೆ. ಕೈಯನ್ನು ಅದೇ ಮರಳಿಗೆ ತಿಕ್ಕಿ ಇನ್ನೊಂದು ಬಾಂಡ್ಲಿ ತುಂಬುತ್ತಾಳೆ.